ಕೆಂಪು ಅರ್ಧಕ್ಕೇ ನಿಂತಿತ್ತು

ರೇವಂತ್ ಮುಷ್ಟಿ ತುಂಬ ಕಡಲೆಪುರಿ ತೆಗೆದು ಮೀನಿನ ಗಾಜಿನ ತೊಟ್ಟಿಗೆ ಸುರಿದ.

ಪುರಿ ನೀರಿನ ಮೇಲೆ ತೇಲಿತು. ಕೆಳಗೆ, ತೊಟ್ಟಿಯ ಹಿಂಬದಿಯ ಮೂಲೆಯಲ್ಲಿ, ಕಿರುಬೆರಳಿನಷ್ಟೂ ಉದ್ದವಿಲ್ಲದ ಮೀನುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಒಂದೂ ಮೇಲಕ್ಕೆ ಬರಲಿಲ್ಲ.

“ನೋಡಿ ಮೇಡಂ, ಎಷ್ಟು ಖುಷಿಯಾಗವೆ,” ಎಂದ ರೇವಂತ್.

ವಕೀಲೆ ಶ್ರೀಲತಾ ಮೀನನ್ನು ನೋಡಿದಳು. ಆಮೇಲೆ ರೇವಂತನನ್ನು ನೋಡಿದಳು. ಎರಡರಲ್ಲಿ ಬುದ್ಧಿ ಹೆಚ್ಚು ಯಾವುದಕ್ಕೆ ಎಂಬ ವಿಷಯದಲ್ಲಿ ಅವಳಿಗೆ ಅನುಮಾನವೇನೂ ಉಳಿಯಲಿಲ್ಲ.

ಶಿರಾದ ಕಡಲೆಕಾಯಿ ಮಿಲ್ಲಿನ ಯಜಮಾನ ಗಂಗಹನುಮಯ್ಯ ಹೊಟ್ಟೆಗೆ ಕೀಟನಾಶಕ ಸೇರಿ ಸತ್ತು, ತಿಥಿಯೂ ಮುಗಿದು, ಆ ಕೊಲೆಯ ಆರೋಪದ ಮೇಲೆ ಅವರ ಡ್ರೈವರ್ ಸುರೇಶ್ ಜೈಲು ಸೇರಿದ್ದ. ನಾಳೆ ಬೆಳಿಗ್ಗೆ ಮಧುಗಿರಿ ಕೋರ್ಟಿನಲ್ಲಿ ಅವನ ಜಾಮೀನು ಅರ್ಜಿ. ಬರಿಗೈಯಲ್ಲಿ ಹೋದರೆ ಸಿಗುವುದಿಲ್ಲವೆಂದು ಶ್ರೀಲತಾಗೆ ಗೊತ್ತಿತ್ತು. ಆಮೇಲೆ ವಿಚಾರಣೆ ಮುಗಿಯುವವರೆಗೆ ಅವನು ಒಳಗೇ ಕೊಳೆಯಬೇಕು.

ಮಧ್ಯಾಹ್ನ ಮಿಲ್ಲಿನಲ್ಲಿ ಸುರೇಶ್ ಅಂಗಡಿಯಿಂದ ತಂದುಕೊಟ್ಟ ಮಜ್ಜಿಗೆಯಲ್ಲಿ ವಿಷವಿತ್ತು, ಸಂಜೆ ಮನೆಗೆ ಬಂದ ಮೇಲೆ ಯಜಮಾನರು ಮೀನಿನ ತೊಟ್ಟಿಯ ಪಕ್ಕ ಕುಸಿದರು ಎಂಬುದು ಆರೋಪ. ಕಾರಿನ ಸೀಟಿನ ಕೆಳಗೆ ಕೀಟನಾಶಕದ ಬಾಟಲಿಯೂ ಸಿಕ್ಕಿತ್ತು. ಮಜ್ಜಿಗೆಯ ಕಥೆಯನ್ನು ಮೊಟ್ಟಮೊದಲು ಹೇಳಿದವನು ಈ ರೇವಂತ್, ಸತ್ತವರ ತಮ್ಮ ಬಿಟ್ಟುಹೋದ ಮಗ. ಗಂಗಹನುಮಯ್ಯನಿಗೆ ಮಕ್ಕಳಿಲ್ಲದ್ದರಿಂದ ಈ ಮನೆಯ ಅನ್ನ ತಿಂದು ಬೆಳೆದಿದ್ದ. ಈಗ ಮಿಲ್ಲೂ ಅವನದೇ ಆಗುವುದರಲ್ಲಿತ್ತು.

ಶ್ರೀಲತಾಗೆ ಬೇಕಾಗಿದ್ದುದು ಒಂದೇ ಒಂದು ಸಂಗತಿ. ವಿಷ ಮಿಲ್ಲಿನಲ್ಲಿ ಅಲ್ಲ, ಈ ಮನೆಯೊಳಗೆ ಬೆರೆತದ್ದು ಎಂದು ತೋರಿಸಿದರೆ ಸುರೇಶ್ ಬಚಾವು. ಅವತ್ತು ಅವನು ಯಜಮಾನರನ್ನು ಗೇಟಿನ ಬಳಿ ಇಳಿಸಿ, ಹಾಗೆಯೇ ಕಾರು ಸರ್ವೀಸಿಗೆಂದು ತುಮಕೂರಿಗೆ ಹೋಗಿದ್ದ. ಹೊಸಿಲು ತುಳಿದಿರಲಿಲ್ಲ.

“ಇಷ್ಟು ದಿನ ಇವನ್ನ ನೋಡ್ಕೊಂಡೋರು ಯಾರು?” ಎಂದು ಕೇಳಿದಳು.

“ನಾನೇ. ದೊಡ್ಡಪ್ಪ ಹೋದಾಗಿಂದ ನಾನು ಊಟ ಬಿಟ್ಟಿದ್ರೂ ಇವುಕ್ಕೆ ಹಾಕೋದು ಬಿಟ್ಟಿಲ್ಲ.”

ಊಟ ಬಿಟ್ಟವನ ಹೊಟ್ಟೆ ಅಂಗಿಯ ಗುಂಡಿಗಳ ನಡುವಿನಿಂದ ಇಣುಕುತ್ತಿತ್ತು. ದೊಡ್ಡಪ್ಪನ ಉಂಗುರ ಆಗಲೇ ಅವನ ಬೆರಳಿಗೆ ಬಂದಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಮನೆಯ ನಡುಮನೆಯಲ್ಲಿ ತಂಪು ಕನ್ನಡಕ ಏರಿಸಿಕೊಂಡು ನಿಂತಿದ್ದ. ಎದುರು ಪಕ್ಷದ ವಕೀಲೆಯನ್ನು ಒಳಕ್ಕೆ ಬಿಟ್ಟುಕೊಂಡದ್ದೂ ಅದೇ ಗತ್ತಿನಿಂದ. ಹೆಂಗಸು, ಅದೂ ಸತ್ತವರ ಮೀನು ನೋಡಬೇಕೆಂದು ಬಂದವಳು, ತನ್ನನ್ನೇನು ಮಾಡಿಯಾಳು ಎಂದು.

ಸತ್ತವರ ಹೆಂಡತಿ ರಾಜಲಕ್ಷ್ಮಮ್ಮ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು, ಹಿತ್ತಾಳೆ ಲೋಟದಲ್ಲಿ ಸಕ್ಕರೆಯಿಲ್ಲದ ಕಾಫಿ ಹೀರುತ್ತಿದ್ದರು. ಸಕ್ಕರೆ ಕಾಯಿಲೆ. ಆ ಲೋಟ ತವರಿನಿಂದ ಬಂದದ್ದು, ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ ಎಂದು ಶ್ರೀಲತಾ ಬಂದ ಕೂಡಲೇ ಹೇಳಿಬಿಟ್ಟಿದ್ದರು, ಯಾರೂ ಕೇಳಿರಲಿಲ್ಲ. ಮೀನಿನ ಕಡೆ ಮುಖ ತಿರುಗಿಸಿ ಕೂರುವುದು ಅವರ ಹಳೆಯ ಅಭ್ಯಾಸವಂತೆ. ಆ ತೊಟ್ಟಿ ಬಂದಾಗಿನಿಂದ ಗಂಡ ತಮ್ಮ ಮುಖ ನೋಡಿದ್ದಕ್ಕಿಂತ ಅದರ ಮುಖ ನೋಡಿದ್ದೇ ಹೆಚ್ಚು ಎಂಬುದು ಅವರ ದೂರು.

ಇಂಥ ಮನೆಯಲ್ಲಿ ಗಂಗಹನುಮಯ್ಯ ಮೀನನ್ನು ಹಚ್ಚಿಕೊಂಡದ್ದರಲ್ಲಿ ಶ್ರೀಲತಾಗೆ ಆಶ್ಚರ್ಯ ಕಾಣಲಿಲ್ಲ.

ಅವರು ಸಾಕಿದ್ದುದು ಟೆಟ್ರಾ ಜಾತಿ. ಯಾರ ತಂಟೆಗೂ ಹೋಗದ ಸಾಧು ಜೀವ. ಒಂದನ್ನೇ ಬಿಟ್ಟರೆ ಕೊರಗುತ್ತದೆ. ಹಿಂಡಾಗಿದ್ದರೆ ಎಲ್ಲವೂ ಒಂದೇ ಮನಸ್ಸಿನಿಂದ ತಿರುಗುತ್ತವೆ. ಬೇಕಾದದ್ದು ಮೆದು ನೀರು, ಮಂದ ಬೆಳಕು, ಮರೆಗೆ ನಾಲ್ಕು ಗಿಡ, ಚಿಟಿಕೆ ಆಹಾರ. ಮಧುಗಿರಿಯ ಮನೆಯಲ್ಲಿ ಶ್ರೀಲತಾ ಕೂಡ ಇವನ್ನು ಸಾಕಿದ್ದಳು. ದಿನವಿಡೀ ಕೋರ್ಟಿನಲ್ಲಿ ಮನುಷ್ಯರನ್ನು ಸಹಿಸಿಕೊಂಡು ಬಂದವಳಿಗೆ, ಸಂಜೆ ಸುಳ್ಳು ಹೇಳಲು ಬಾರದ ಪ್ರಾಣಿಗಳ ಮುಂದೆ ಕೂರುವುದು ಸಮಾಧಾನ ತರುತ್ತಿತ್ತು.

“ಪುರಿ ಹಾಕಿ ಅಂತ ಯಾರು ಹೇಳಿದ್ದು?”

“ಕೆರೆ ಮೀನಿಗೆ ಹಾಕಲ್ವಾ? ಮೀನು ಮೀನೇ ಅಲ್ವಾ ಮೇಡಂ.”

ಹೌದು. ಇವನ ಪಾಲಿಗೆ ಮೀನು ಮೀನೇ. ಮುದ್ದೆಯ ಜೊತೆಗಿಟ್ಟರೆ ಒಂದು ಬಗೆ, ಗಾಜಿನೊಳಗಿಟ್ಟರೆ ಇನ್ನೊಂದು ಬಗೆ.

“ನೀರು ಯಾವುದು?”

“ನಮ್ಮ ಬೋರ್‌ವೆಲ್‌ದೇ, ಫ್ರೆಶ್ಶು. ದೊಡ್ಡಪ್ಪನ ಕಾಲದಲ್ಲಿ ಒಳ್ಳೆ ಟೀ ಇದ್ದಂಗಿತ್ತು. ನಾನೇ ಪೂರಾ ಖಾಲಿ ಮಾಡಿ, ಕಲ್ಲು ಮಣ್ಣು ಎಲ್ಲಾ ಉಜ್ಜಿ ತುಂಬಿಸಿದ್ದು. ಈಗ ನೋಡಿ, ಹೆಂಗೆ ಫಳಫಳ ಅಂತೈತೆ.”

ಅವನು ಎದೆಯುಬ್ಬಿಸಿಕೊಂಡು ಹೇಳಿದ್ದನ್ನು ಶ್ರೀಲತಾ ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಗಾಜಿನ ಮೇಲೆ, ನೀರಿನ ಮಟ್ಟಕ್ಕೆ ಸರಿಯಾಗಿ, ಬಿಳಿಯ ಪಟ್ಟಿಯೊಂದು ಕಟ್ಟಿತ್ತು. ಶಿರಾ ಸೀಮೆಯ ನೀರೊಲೆ ನೋಡಿದವರಿಗೆ ಆ ಪಟ್ಟಿಯ ಪರಿಚಯ ಬೇಕಿಲ್ಲ. ಹಂಡೆಯ ಒಳಗೆ ಕಟ್ಟಿ, ಉಳಿಯಿಂದ ಕೆತ್ತಿದರೂ ಏಳದ ಗಟ್ಟಿ ಉಪ್ಪು. ಈ ನೀರು ಟೆಟ್ರಾಕ್ಕೆ ಆಗುವುದಿಲ್ಲವೆಂದೇ ಗಂಗಹನುಮಯ್ಯ ಕಾಸು ಹಾಕಿದರೆ ನೀರು ಬರುವ ಫಿಲ್ಟರ್ ಘಟಕದಿಂದ ಕ್ಯಾನುಗಟ್ಟಲೆ ತರಿಸುತ್ತಿದ್ದರು. ಅದಕ್ಕೆ ಒಣಗಿದ ಬಾದಾಮಿ ಎಲೆ ನೆನೆಹಾಕಿ ತಿಳಿ ಟೀ ಬಣ್ಣಕ್ಕೆ ತರುತ್ತಿದ್ದರು. ಜನ ನಗುತ್ತಿದ್ದರಂತೆ, ಮನುಷ್ಯರು ಕ್ಯೂ ನಿಂತಿರುವಾಗ ಮೀನಿಗೆ ಫಿಲ್ಟರ್ ನೀರು ಹೊರುತ್ತಾನೆ ಎಂದು. ಅವರು ಹೊರುವುದನ್ನು ಬಿಟ್ಟಿರಲಿಲ್ಲ.

ಹಾಗೆ ವರ್ಷಗಟ್ಟಲೆ ಮೆದು ನೀರಿನಲ್ಲಿ ಬದುಕಿದ ಮೀನು, ಒಂದೇ ಏಟಿಗೆ ಈ ಗಡಸು ನೀರಿಗೆ ಬಿದ್ದು ಉಳಿಯುವುದು ಕಷ್ಟ. ಇವು ಉಳಿದಿದ್ದವು. ಹೆದರಿ ಮೂಲೆ ಸೇರಿದ್ದವು, ಬಣ್ಣಗೆಟ್ಟಿದ್ದವು, ಆದರೂ ಜೀವ ಇತ್ತು. ಹೊಸ ಮನೆಗೆ ಬಂದ ಮೀನು ಹೀಗೆಯೇ ನಿಲ್ಲುತ್ತದೆ ಎಂದು ಶ್ರೀಲತಾಗೆ ಗೊತ್ತಿತ್ತು. ಸಾಕಿದವರ ಮನೆಯಲ್ಲಿ ವರ್ಷಗಳಿಂದ ಇರುವ ಮೀನು, ಮುಚ್ಚಳದ ಸದ್ದಾದರೆ ಮುಂದಕ್ಕೇ ನುಗ್ಗುತ್ತದೆ.

ಅನುಮಾನ ಬಲಿಯಲು ಇಷ್ಟು ಸಾಕಿತ್ತು. ಸಾಕ್ಷಿ ಮಾತ್ರ ಗೋಡೆಯ ಮೇಲಿತ್ತು.

ತಿಥಿಗೆಂದು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಾರ ಹಾಕಿದ ಗಂಗಹನುಮಯ್ಯನ ಫೋಟೊ. ಊದುಬತ್ತಿಯ ಬೂದಿ ಕೆಳಗೆ ಬಿದ್ದಿತ್ತು. ಆಯಪ್ಪ ನಕ್ಕ ಫೋಟೊ ಇದೊಂದೇ ಇತ್ತೆಂದು ಇದನ್ನೇ ಆರಿಸಿದ್ದರಂತೆ. ಅವರು ನಕ್ಕದ್ದು ಮೀನಿನ ತೊಟ್ಟಿಯ ಪಕ್ಕ ನಿಂತಾಗ.

“ರೇವಂತ್, ಒಂದು ಸಲ ಆ ಫೋಟೊ ನೋಡಿ.”

ರೇವಂತ್ ಕೂಡಲೇ ಕನ್ನಡಕ ತೆಗೆದು ಕೈಮುಗಿದ. ಕಣ್ಣಲ್ಲಿ ನೀರು ತರಲು ಸ್ವಲ್ಪ ಹೆಣಗಿದ, ಬರಲಿಲ್ಲ. ದೇವರಂಥ ಮನುಷ್ಯ ಎಂದು ಶುರು ಮಾಡಿದವನನ್ನು ಶ್ರೀಲತಾ ತಡೆದಳು.

“ಮನುಷ್ಯರನ್ನಲ್ಲ. ಅವರ ಪಕ್ಕದಲ್ಲಿರೋ ಮೀನು ನೋಡಿ.”

ಅವನು ನೋಡಿದ. ಏನೂ ಕಾಣಲಿಲ್ಲವೆಂಬುದು ಅವನ ಮುಖದಲ್ಲೇ ಇತ್ತು. ಹಾರ ಹಾಕಿದವನು ಅವನು, ದಿನಾ ಊದುಬತ್ತಿ ಹಚ್ಚಿದವನು ಅವನು. ಇಷ್ಟು ದಿನ ತನ್ನ ತಲೆಯ ಮೇಲೇ ತೂಗುತ್ತಿದ್ದುದು ಅವನಿಗೆ ಈಗಲೂ ಕಾಣಲಿಲ್ಲ.

“ಮೇಲೆ ನೀಲಿ ಗೆರೆ. ಸರಿ. ಕೆಳಗೆ ಕೆಂಪು. ಫೋಟೊದಲ್ಲಿ ಆ ಕೆಂಪು ಎಲ್ಲಿಂದ ಎಲ್ಲಿವರೆಗೆ ಇದೆ?”

“ತಲೆಯಿಂದ... ಬಾಲದ ತಂಕ.”

“ತೊಟ್ಟಿಯಲ್ಲಿ?”

ರೇವಂತ್ ಬಗ್ಗಿ ನೋಡಿದ. ಮೂಲೆಯ ಮೀನುಗಳ ಹೊಟ್ಟೆಯ ಮುಂಭಾಗ ಬೆಳ್ಳಗಿತ್ತು. ಕೆಂಪು ನಡುವಿನಲ್ಲಿ ಹುಟ್ಟಿ ಬಾಲಕ್ಕೆ ಹೋಗುತ್ತಿತ್ತು. ಒಂದರಲ್ಲಲ್ಲ, ಎಲ್ಲದರಲ್ಲೂ.

“ಬಣ್ಣ ಮಾಸೈತೆ ಮೇಡಂ. ನೀರು ಬದ್ಲಾತಲ್ಲ.”

“ಮಾಸುತ್ತೆ. ಆದ್ರೆ ಎಲ್ಲಾ ಮೀನೂ ಮಾತಾಡ್ಕೊಂಡು, ಅಳತೆ ಹಾಕ್ಕೊಂಡು, ಸರಿಯಾಗಿ ಅರ್ಧಕ್ಕೇ ಮಾಸ್ಕೊಳ್ಳಲ್ಲ.” ಶ್ರೀಲತಾ ದನಿ ಏರಿಸಲಿಲ್ಲ. ಇಂಥವರಿಗೆ ದನಿ ಏರಿಸುವುದು ಗಂಟಲಿಗೆ ನಷ್ಟ. “ನಿಮ್ಮ ದೊಡ್ಡಪ್ಪ ಸಾಕಿದ್ದು ಕಾರ್ಡಿನಲ್ ಟೆಟ್ರಾ. ಇದು ನಿಯಾನ್ ಟೆಟ್ರಾ. ಅಂಗಡಿಯಲ್ಲಿ ಹೇರಳವಾಗಿ ಸಿಗುತ್ತೆ. ನೀಲಿ ಐತೆ, ಕೆಂಪು ಐತೆ, ಯಾರಿಗೆ ಗೊತ್ತಾಗುತ್ತೆ ಅಂತ ತಂದು ಬಿಟ್ಟಿದ್ದೀರ. ಹಳೇ ಮೀನು ಎಲ್ಲಿ?”

“ಸತ್ತೋದ್ವು.”

“ಸತ್ರೆ ಸತ್ವು ಅಂತ ಹೇಳಬಹುದಿತ್ತು. ಕದ್ದು ಮುಚ್ಚಿ ಹೊಸದನ್ನ ಯಾಕೆ ತಂದ್ರಿ?”

“ನಾನು ವಿಷ ಹಾಕಿಲ್ಲ ಮೇಡಂ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ಕೂಡ ಯಾರಾದರೂ ಕುಂಬಳಕಾಯಿಯ ಮಾತೆತ್ತುವವರೆಗೆ ಕಾದಿದ್ದ. ಇವನಿಗೆ ಅಷ್ಟೂ ತಾಳ್ಮೆ ಇರಲಿಲ್ಲ.

“ವಿಷದ ಸುದ್ದಿ ನಾನು ಎತ್ತಲೇ ಇಲ್ಲವಲ್ಲ,” ಎಂದಳು ಶ್ರೀಲತಾ.

ಕುರ್ಚಿಯಲ್ಲಿದ್ದ ರಾಜಲಕ್ಷ್ಮಮ್ಮ ಮೊದಲ ಸಲ ತೊಟ್ಟಿಯ ಕಡೆ ತಿರುಗಿದರು. ಹೊಸ ಮೀನೋ ಹಳೆಯದೋ, ಅವರು ಇಂದಿನವರೆಗೆ ನೋಡಿರಲಿಲ್ಲವೆಂಬುದು ಸ್ಪಷ್ಟವಿತ್ತು.

ಆಮೇಲೆ ರೇವಂತನ ಬಾಯಿಂದ ಬಂದದ್ದನ್ನೆಲ್ಲ ಮಾತು ಎನ್ನುವಂತಿಲ್ಲ. ಅರ್ಧ ಅಳು, ಅರ್ಧ ಆಣೆ ಪ್ರಮಾಣ. ಅದರಿಂದ ಶ್ರೀಲತಾ ಸೋಸಿ ತೆಗೆದದ್ದು ಇಷ್ಟು. ಅವತ್ತು ಆಸ್ಪತ್ರೆಯಲ್ಲಿ ದೊಡ್ಡಪ್ಪನ ಜೀವ ಹೋದ ಮೇಲೆ, ಜನ ಸೇರುವ ಮೊದಲು ಮನೆ ಅಣಿಮಾಡಲು ಅವನೊಬ್ಬನೇ ಬಂದ. ತೊಟ್ಟಿಯ ಮುಚ್ಚಳ ತೆರೆದೇ ಇತ್ತು. ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಡಾಕ್ಟರು ವಿಷ ಎಂದದ್ದು ಕಿವಿಯಲ್ಲಿ ಇನ್ನೂ ಗುಯ್ಗುಡುತ್ತಿತ್ತು. ದೊಡ್ಡಪ್ಪ ಬಿದ್ದದ್ದು ಇದೇ ತೊಟ್ಟಿಯ ಪಕ್ಕ. ಹಾಗಾದರೆ ವಿಷ ಇಲ್ಲೇ, ಈ ಮನೆಯಲ್ಲೇ. ಮನೆಯಲ್ಲಿ ಇದ್ದವರು ಅವನು ಮತ್ತು ದೊಡ್ಡಮ್ಮ. ಆಸ್ತಿ ಬರುವುದು ಅವನಿಗೆ. ನಾಳೆ ಬೇಡಿ ಬೀಳುವುದೂ ಅವನಿಗೇ.

ಮೀನನ್ನು ಹಿತ್ತಲಿನ ಸೀಬೆ ಗಿಡದ ಬುಡದಲ್ಲಿ ಹೂತ. ತೊಟ್ಟಿ ತೊಳೆದ. ತುಮಕೂರಿಗೆ ಹೋಗಿ ಅಂಗಡಿಯವನಿಗೆ ನೀಲಿ ಕೆಂಪು ಇರುವ ಸಣ್ಣ ಮೀನು ಎಂದ, ಕೊಟ್ಟದ್ದನ್ನು ತಂದ. ಕೇಳಿದವರಿಗೆಲ್ಲ ಮಜ್ಜಿಗೆಯ ಕಥೆ ಹೇಳಿದ.

“ಮತ್ತೆ ಸುರೇಶನ ಕಾರಲ್ಲಿ ಬಾಟ್ಲಿ?”

“ಅದು ನಂಗೊತ್ತಿಲ್ಲ. ನಮ್ಮಪ್ಪನಾಣೆಗೂ ಅದು ನಾನಿಟ್ಟಿದ್ದಲ್ಲ. ಅದು ಸಿಕ್ಕಿದಾಗ ನಾನೂ ಅವನೇ ಅನ್ಕೊಂಡೆ.”

ಶ್ರೀಲತಾಗೆ ಅಸಹ್ಯವಾಯಿತು. ಕೊಂದಿದ್ದರೆ ಅದಕ್ಕೊಂದು ಎದೆಯಾದರೂ ಬೇಕಾಗಿತ್ತು. ಇವನು ಅನ್ನ ಹಾಕಿದವರ ಹೆಣ ಆಸ್ಪತ್ರೆಯಲ್ಲಿ ಇರುವಾಗ, ತನ್ನ ಚರ್ಮ ಉಳಿಸಿಕೊಳ್ಳಲು ಬಕೆಟ್ಟು ಹಿಡಿದು ತೊಟ್ಟಿ ಉಜ್ಜಿದವನು. ಉಜ್ಜಿದ್ದೂ ನೆಟ್ಟಗಿಲ್ಲ. ಅದಕ್ಕಾಗಿ ಏನೂ ಅರಿಯದ ಒಬ್ಬನನ್ನು ಜೈಲಿಗೆ ಕಳಿಸಿ, ಮೂರು ಹೊತ್ತು ಉಂಡು, ಊಟ ಬಿಟ್ಟೆನೆಂದು ಹೇಳಿಕೊಂಡು ಓಡಾಡಿದವನು.

ಆದರೂ ಮನಸ್ಸು ಹಗುರಾಯಿತು. ಸೀಬೆ ಗಿಡದ ಬುಡ ಅಗೆಸಿದರೆ ಸಾಕು. ಈ ಹೇಳಿಕೆ ನಾಳೆ ಕೋರ್ಟಿನ ಮುಂದೆ ಬಂದರೆ ಸುರೇಶ್ ಹೊರಗೆ.

ಮಂಜಮ್ಮನ ಮುಖ ನೆನಪಾಯಿತು. ಸುರೇಶನ ಹೆಂಡತಿ. ಈ ಮೊಕದ್ದಮೆಯಲ್ಲಿ ಶ್ರೀಲತಾ ಕೀಳಾಗಿ ಕಾಣದ ಒಂದೇ ಜೀವ. ಇದೇ ಮನೆಯಲ್ಲಿ ಅಡುಗೆಗಿದ್ದವಳು. ಗಂಡ ಜೈಲಿಗೆ ಹೋದ ದಿನವೇ ಅವಳನ್ನೂ ಕೆಲಸ ಬಿಡಿಸಿದ್ದರು. ಯಜಮಾನರು ಅವತ್ತು ಸಂಜೆ ಮನೆಯಲ್ಲಿ ಏನಾದರೂ ಕುಡಿದರೇ ಎಂದು ಕೇಳಿದಾಗ, ತಾನು ಮಧ್ಯಾಹ್ನವೇ ಕೆಲಸ ಮುಗಿಸಿ ಹೋಗಿದ್ದೆ, ಗೊತ್ತಿಲ್ಲ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಳು. ಅಷ್ಟಕ್ಕೇ ಶ್ರೀಲತಾ ಮುಂದೆ ಕೇಳಿರಲಿಲ್ಲ.

ಇವತ್ತು ಬೆಳಿಗ್ಗೆ ಕೂಡ ಮಸೀದಿ ಹಿಂದಿನ ಬೀದಿಯಲ್ಲಿ ಅವಳ ಬಾಡಿಗೆ ರೂಮಿನ ಮುಂದೆ ಕಾರು ನಿಲ್ಲಿಸಿದ್ದಳು. ಯಜಮಾನರ ಮನೆಗೆ ಹೋಗುತ್ತಿದ್ದೇನೆ, ಆ ಮೀನಿನ ತೊಟ್ಟಿ ಒಂದು ಸಲ ನೋಡಬೇಕು ಎಂದಿದ್ದಳು. ಮಂಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಇರಿ ಅಕ್ಕ, ಒಂಚೂರು ಕಾಫಿ ಕಾಸ್ಕೊಡ್ತೀನಿ, ಬರಿ ಹೊಟ್ಟೇಲಿ ಓಗ್ಬ್ಯಾಡಿ,” ಎಂದು ಒಳಗೆ ಹೋಗಿದ್ದಳು. ಕಾಫಿಗೆ ಬೇಕಾದ್ದಕ್ಕಿಂತ ಹೆಚ್ಚೇ ಹೊತ್ತು ಹಿಡಿಯಿತು. ಪಾಪ, ಡಬ್ಬಿಯ ತಳ ಕೆರೆಯುತ್ತಿದ್ದಾಳೆ ಎಂದುಕೊಂಡಿದ್ದಳು ಶ್ರೀಲತಾ. ಫ್ಲಾಸ್ಕು ತಂದು ಕೈಗಿಟ್ಟಾಗ ಬೇಡವೆನ್ನಲು ಮನಸ್ಸಾಗಲಿಲ್ಲ. ಬೆಲ್ಲದ ಕಾಫಿ ಶ್ರೀಲತಾಗೆ ಆಗದು. ಕಾರಿನಲ್ಲೇ, ಗುಮಾಸ್ತ ಅಶ್ವತ್ಥನ ಪಕ್ಕದ ಸೀಟಿನಲ್ಲಿ ಬಿಟ್ಟು ಬಂದಿದ್ದಳು.

ಬಾಕಿ ಉಳಿದಿದ್ದುದು ಒಂದು ಪ್ರಶ್ನೆ. ನೀರಿಗೆ ವಿಷ ಬಂದದ್ದು ಹೇಗೆ?

“ತೊಟ್ಟಿ ಖಾಲಿ ಮಾಡಿದಾಗ ತಳದಲ್ಲಿ ಏನಾದ್ರೂ ಸಿಕ್ತಾ?” ಎಂದು ಕೇಳಿದಳು.

ರೇವಂತ್ ಮೂಗು ಒರೆಸಿಕೊಂಡ. “ಒಂದು ಲೋಟ ಬಿದ್ದಿತ್ತು. ದೊಡ್ಡಪ್ಪ ಮೀನಿಗೆ ಹಾಕುವಾಗ ಒಂದು ಕೈಲಿ ಲೋಟ ಹಿಡ್ಕಂಡೇ ನಿಂತ್ಕಳ್ಳೋದು. ಬೀಳುವಾಗ ಅದೂ ಒಳಗೆ ಬಿತ್ತೇನೋ.”

“ಲೋಟ ಎಲ್ಲಿದೆ ಈಗ?”

“ತೊಳೆದು ಅಡುಗೆಮನೇಲಿ ಇಟ್ಟೆ.”

“ಯಾವ ಲೋಟ?”

ರೇವಂತ್ ಬೆರಳು ಎತ್ತಿ ತೋರಿಸಿದ. ಬೆರಳು ರಾಜಲಕ್ಷ್ಮಮ್ಮನ ಕೈಯಲ್ಲಿದ್ದ ಹಿತ್ತಾಳೆ ಲೋಟದ ಕಡೆ ನಿಂತಿತ್ತು.

ರಾಜಲಕ್ಷ್ಮಮ್ಮ ಲೋಟವನ್ನು ನೋಡಿದರು. ಅದರೊಳಗೆ ಅರ್ಧ ಕಾಫಿ ಇನ್ನೂ ಇತ್ತು. ಅದನ್ನು ಮೆಲ್ಲಗೆ ಕುರ್ಚಿಯ ಪಕ್ಕ ನೆಲಕ್ಕಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು.

“ಇದು ನಂದು ಕಣಮ್ಮ,” ಎಂದರು. ಆ ದನಿಯಲ್ಲಿ ದೂರಿನ ರಾಗ ಇರಲಿಲ್ಲ. “ಇದ್ರಾಗೆ ಬ್ಯಾರೆ ಯಾರೂ ಕುಡಿಯಾಕಿಲ್ಲ.”

“ಅವತ್ತು ಸಂಜೆ ಏನಾಯ್ತು ಹೇಳಿ.”

“ಕಾಫಿ ಬಲೇ ಸುಡ್ತಿತ್ತು. ಆರ್ಲಿ ಅಂತ ಆ ತೊಟ್ಟಿ ಪಕ್ಕದ ಟೀಪಾಯ್ ಮ್ಯಾಲಿಟ್ಟು ದೇವ್ರಿಗೆ ದೀಪ ಹಚ್ಚಾಕೋದೆ. ಅಷ್ಟ್ರಾಗೆ ಅವ್ರು ಬಂದಿರ್ಬೇಕು. ಮೀನಿಗೆ ಹಾಕ್ತಾ ಹಾಕ್ತಾ ಕೈಗೆ ಸಿಕ್ಕಿದ್ದು ಕುಡಿದವ್ರೆ. ಅವ್ರು ಬಿದ್ದ ಸದ್ದಿಗೆ ನಾನು ಓಡ್ಬಂದೆ. ಕಾಫಿ ಮಾತು ಯಾರಿಗೆ ಗ್ಯಾನ ಇರ್ತದೆ.” ಅವರು ಒಂದು ಗಳಿಗೆ ಫೋಟೊದ ಕಡೆ ನೋಡಿದರು. “ಅವ್ರನ್ನ ಸಾಯ್ಸಾಕೆ ಮಾಡಿದ್ದಲ್ಲ ಅದು. ನನ್ನ ಸಾಯ್ಸಾಕೆ.”

ರೇವಂತ್ ಮತ್ತೆ ಆಣೆ ಹಾಕಲು ಶುರು ಮಾಡಿದ. ಅವನ ಕಡೆ ನೋಡಲು ಶ್ರೀಲತಾಗೆ ಪುರುಸೊತ್ತಿರಲಿಲ್ಲ.

“ಆ ಕಾಫಿ ಮಾಡಿ ನಿಮ್ಮ ಕೈಗೆ ಕೊಟ್ಟೋರು ಯಾರಮ್ಮ?”

ರಾಜಲಕ್ಷ್ಮಮ್ಮ ಅವಳನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. ಇಷ್ಟು ಹೊತ್ತು ಶ್ರೀಲತಾ ಈ ಮನೆಯವರನ್ನು ನೋಡಿದ್ದು ಅದೇ ನೋಟದಿಂದ.

“ಇನ್ಯಾರು ಕೊಡ್ತಾರೆ? ಸಂಜೆ ಕಾಫಿ ಕೊಟ್ಟು, ಪಾತ್ರೆ ಕವುಚಿಟ್ಟೇ ಅವ್ಳು ಮನೆಗೋಗೋದು ದಿನಾ. ಅವತ್ತೂ ಅವ್ಳೇ ಕೊಟ್ಟಿದ್ದು. ನಿಮ್ಮ ಮಂಜಮ್ಮ.”

ಶ್ರೀಲತಾ ಕಿಟಕಿಯ ಕಡೆ ತಿರುಗಿದಳು. ಗೇಟಿನಾಚೆ, ಬರಗೂರು ರಸ್ತೆಯ ಹುಣಸೆ ಮರದ ನೆರಳಿನಲ್ಲಿ ಕಾರು ನಿಂತಿತ್ತು. ಅವಳ ಗುಮಾಸ್ತ ಅಶ್ವತ್ಥ ಬಾನೆಟ್ಟಿಗೆ ಒರಗಿಕೊಂಡು, ಮಂಜಮ್ಮನ ಫ್ಲಾಸ್ಕನ್ನು ತಲೆಕೆಳಗು ಮಾಡಿ, ಕೊನೆಯ ಹನಿಯನ್ನೂ ಮುಚ್ಚಳಕ್ಕೆ ಇಳಿಸಿಕೊಳ್ಳುತ್ತಿದ್ದ.